ಸುರಂಗ ನಮ್ಮದು, ಗುಡ್ಡ ಯಾರದು?

ಕಾಸರಗೋಡು ಜಿಲ್ಲೆಯ ಬಾಯಾರಿನ ನಮ್ಮ ಮನೆಯ ಹಿಂದಿನ ಗುಡ್ಡದಲ್ಲಿ ಅಜ್ಜ ತೋಡಿಸಿದ ಸುರಂಗವೊಂದಿದೆ. ಮುರಕಲ್ಲನ್ನು (ಜಂಬಿಟ್ಟಿಗೆ ಕಲ್ಲನ್ನು) ಕೊರೆದು ಸುಮಾರು ಎಂಬತ್ತು ಕೋಲು, ಅಂದರೆ ಇನ್ನೂರು ಅಡಿಯಷ್ಟು, ಒಳಗೆ ಸಾಗುವ, ಒಬ್ಬರಷ್ಟೇ ನಡೆಯಬಹುದಾದ ಈ ದಾರಿಯಿಂದ ನೀರು ಯಾವ ಪಂಪಿನ ಹಂಗೂ ಇಲ್ಲದೆ ಅಂಗಳದ ಟಾಂಕಿಗೆ ಇಳಿದು ಬರುತ್ತಿತ್ತು. ಗುಡ್ಡ ಒಸರಿದಷ್ಟೇ ನಮ್ಮ ಪಾಲಾದ್ದರಿಂದ, ಮಾರ್ಚ್‌ನಲ್ಲಿ ಧಾರೆ ಸಣ್ಣದಾದಂತೆ ಅಮ್ಮ ಅಡಿಕೆ ತೋಟದ ಸರದಿಯನ್ನೂ ವಿರಳಗೊಳಿಸುತ್ತಿದ್ದರು.

ಬೋರು ಕೊರೆಸಿದ ಮೇಲೆ ಆ ಲೆಕ್ಕಾಚಾರ ನಮಗೆ ಬೇಡವಾಯಿತು. ಕೆಲವು ವರ್ಷಗಳಲ್ಲಿ ಸುರಂಗ ಏಪ್ರಿಲ್‌ಗೆ ಮೊದಲೇ ಬತ್ತತೊಡಗಿತು. ಕಾರಣ ನಮ್ಮ ಬೋರೋ, ಮಳೆನೀರನ್ನು ಹೀರಿಕೊಳ್ಳುತ್ತಿದ್ದ ಮೇಲಿನ ಪದವನ್ನು, ಅಂದರೆ ಗುಡ್ಡದ ನೆತ್ತಿಯ ಬಯಲನ್ನು, ಅಗೆದು ಕಟ್ಟಡಗಳಿಗೆ ಕಲ್ಲು ಸಾಗಿಸುತ್ತಿರುವ ಕೋರೆಯೋ? ಎರಡೂ ಇರಬೇಕೆಂದು ನನ್ನ ಊಹೆ. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆಯಲ್ಲಿ ಬೇಸಗೆಗೆ ಟ್ಯಾಂಕರ್ ಕಾಯುವುದು ನಾಚಿಕೆಯ ಸಂಗತಿಯೇ.

ಒಮಾನಿನಲ್ಲಿ ದುಡಿಯುವ ಚಿಕ್ಕಪ್ಪನ ಮಗ ಒಮ್ಮೆ ನಿಜ್ವಾದ ಫಲಜ್ ಕಾಲುವೆಯ ಚಿತ್ರ ಕಳುಹಿಸಿದ್ದ. ಬೆಟ್ಟದ ಬುಡದ ಅಂತರ್ಜಲವನ್ನು ಇಳಿಜಾರಿನಲ್ಲೇ ಊರಿಗೆ ಹರಿಸುವ ಇಂಥ ಐದು ಫಲಜ್‌ಗಳನ್ನು ಯುನೆಸ್ಕೋ 2006ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ. ನಮ್ಮ ಸುರಂಗಕ್ಕೂ ಅದಕ್ಕೂ ಇರುವ ಹೋಲಿಕೆಗಿಂತ ವ್ಯತ್ಯಾಸವೇ ನನ್ನನ್ನು ಕಾಡಿತು. ಅಲ್ಲಿ ನೀರು ಊರಿನದು; ಯಾರಿಗೆ ಎಷ್ಟು ಹೊತ್ತು ಎಂಬುದನ್ನು ಹಗಲು ನೆರಳಿನಿಂದಲೂ ಇರುಳು ನಕ್ಷತ್ರಗಳಿಂದಲೂ ಅಳೆದು ಹಂಚುತ್ತಿದ್ದರು. ಇಲ್ಲಿ ಸುರಂಗವೆಂಬುದು ಆಯಾ ಮನೆಯವರ ಸ್ವತ್ತು. ತೋಡಿಗೆ (ಹಳ್ಳಕ್ಕೆ) ಕಟ್ಟ, ಅಂದರೆ ನೀರು ನಿಲ್ಲಿಸುವ ಒಡ್ಡು, ಹಾಕಲು ಹತ್ತು ಮನೆಗಳವರು ಸೇರುತ್ತಿದ್ದರೂ, ಗುಡ್ಡದೊಳಗಿನ ನೀರಿಗೆ ನಾವು ಊರಿನ ಕಟ್ಟಳೆಯೊಂದನ್ನು ಮಾಡಿಕೊಳ್ಳಲೇ ಇಲ್ಲ.

ಹಾಗೆಂದು ಗುಡ್ಡದ ಮೇಲಿನದು ಕೆಳಗಿನವರಿಗೆ ಇಳಿದು ಬರುತ್ತದೆಂಬುದು ನಮಗೆ ತಿಳಿಯದ ವಿಷಯವಲ್ಲ. ನಮ್ಮದೇ ಜಿಲ್ಲೆಯ ಪಡ್ರೆಯ ಸುತ್ತಲಿನ ಸರ್ಕಾರಿ ಸ್ವಾಮ್ಯದ ಗೇರು ತೋಟಗಳಿಗೆ ಎರಡು ದಶಕಗಳ ಕಾಲ ಹೆಲಿಕಾಪ್ಟರಿನಿಂದ ಸಿಂಪಡಿಸಿದ ಎಂಡೋಸಲ್ಫಾನ್ ಎಂಬ ಕೀಟನಾಶಕ ಗುಡ್ಡದಿಂದ ತೋಡಿಗೆ, ಕುಡಿಯುವ ನೀರಿಗೆ ಸೇರಿತು. ರಫ್ತಾಗುವ ಗೇರುಬೀಜಕ್ಕಾಗಿ ನಡೆದ ಈ ಸಿಂಪಡಣೆಯ ಸಂಕಟ ಊರಿನದಾಯಿತು; ವಿಷವನ್ನು ಜಾಗತಿಕ ನಿಷೇಧದ ಪಟ್ಟಿಗೆ ಸೇರಿಸುವ ತೀರ್ಮಾನವಾದದ್ದು ಮಾತ್ರ 2011ರಲ್ಲಿ, ದೂರದ ಜಿನೀವಾದಲ್ಲಿ.

ಕಳೆದ ತಿಂಗಳು ಕೋರೆಯವರಲ್ಲಿ ಪದವಿನ ವಿಚಾರವೆತ್ತಿದೆ. ಅವರು ಸಿಟ್ಟಾಗಲಿಲ್ಲ. “ನೀವು ಬೋರು ಮುಚ್ಚುತ್ತೀರಾ ಅಣ್ಣಾ?” ಎಂದಷ್ಟೇ ಕೇಳಿದರು. ತೋಟದಲ್ಲಿ ಆಗ ಸ್ಪ್ರಿಂಕ್ಲರ್ ತಿರುಗುತ್ತಿತ್ತು.