ಎರಡು ವಾರಕ್ಕೇ ಯಾಕೆ ನಿಂತುಹೋಗುತ್ತೆ?

ನಾನು ಕಾರಿನ ಬಿಡಿಭಾಗ ಮಾಡುವ ಫ್ಯಾಕ್ಟರಿಯಲ್ಲಿ ಕೆಲಸ ಮಾಡುತ್ತೇನೆ ಅಂತ ಗೊತ್ತಾದ ತಕ್ಷಣ ಜನ ಕೈಜೆನ್, ಅಂದರೆ ದಿನಾ ಸ್ವಲ್ಪ ಸ್ವಲ್ಪ ಸುಧಾರಿಸುವ ಜಪಾನಿನ ಪದ್ಧತಿಯ ವಿಷಯ ತೆಗೆಯುತ್ತಾರೆ. ಹೊಸದಾಗಿ ಟೀಮ್ ಲೀಡ್ ಆದ ಹುಡುಗರು ಕೇಳುತ್ತಾರೆ, ಮದುವೆ ಊಟದ ಪಂಕ್ತಿಯಲ್ಲಿ ಪಕ್ಕ ಕೂತವರೂ ಕೇಳುತ್ತಾರೆ. ಪ್ರಶ್ನೆ ಹೆಚ್ಚುಕಮ್ಮಿ ಒಂದೇ: "ದಿನಾ ಸ್ವಲ್ಪ ಸ್ವಲ್ಪ ಸುಧಾರಿಸಿಕೊಳ್ಳಬೇಕು ಅನ್ನೋದೇನೋ ಸರಿ, ಶುರು ಮಾಡಿದ್ದು ಎರಡು ವಾರಕ್ಕೇ ನಿಂತುಹೋಗುತ್ತಲ್ಲ, ಯಾಕೆ?"

ಎಲ್ಲಿ ಸಿಕ್ಕಿಹಾಕಿಕೊಂಡಿದೆ ಅಂತ ಹೇಳುವವರ ಮಾತನ್ನು ಯಾರೂ ಕೇಳಿಸಿಕೊಳ್ಳುವುದಿಲ್ಲ, ಅದಕ್ಕೆ. ಆಫೀಸಿನಲ್ಲೂ ಅಷ್ಟೇ, ಮನೆಯಲ್ಲೂ ಅಷ್ಟೇ.

ಮೊದಲು ಒಂದು ಲೆಕ್ಕವನ್ನು ಪಕ್ಕಕ್ಕಿಡೋಣ. ದಿನಕ್ಕೆ ಶೇಕಡಾ 1ರಷ್ಟು ಸುಧಾರಿಸಿದರೆ ವರ್ಷಕ್ಕೆ 37 ಪಟ್ಟು ಆಗುತ್ತೀರಿ ಅಂತ ವಾಟ್ಸಾಪಿನಲ್ಲಿ ಓಡಾಡುತ್ತಲ್ಲ, ಅದು. ಕ್ಯಾಲ್ಕುಲೇಟರಿನಲ್ಲಿ ಸರಿಯಾಗೇ ಬರುತ್ತದೆ. ಆದರೆ ಯಾರ ತಾಳ್ಮೆ, ಯಾವ ತಂಡದ ಕೆಲಸ ಒಂದೇ ವರ್ಷದಲ್ಲಿ 37 ಪಟ್ಟು ಆಗಿದ್ದನ್ನು ನೋಡಿದ್ದೀರಿ? ಹನಿ ಹನಿ ಸೇರಿ ಹಳ್ಳ, ನಿಜ. ಹಳ್ಳದ ತಳ ಬಿರುಕು ಬಿಟ್ಟಿರಬಾರದು ಅಷ್ಟೇ.

ಈ ಬಿರುಕಿನ ವಿಷಯದಲ್ಲಿ ಟೊಯೋಟಾದವರಷ್ಟು ತಲೆ ಕೆಡಿಸಿಕೊಂಡವರು ಕಡಿಮೆ. ಬಿಡದಿ ಅಂದರೆ ತಟ್ಟೆ ಇಡ್ಲಿ ಅಂತಿದ್ದ ನಮಗೆ, 1997ರಲ್ಲಿ ಟೊಯೋಟಾ ಕಿರ್ಲೋಸ್ಕರ್ ಶುರುವಾಗಿ, 2000ದಲ್ಲಿ ಕ್ವಾಲಿಸ್ ರಸ್ತೆಗೆ ಬಂದ ಮೇಲೆ, ಸುತ್ತಮುತ್ತಲಿನ ಬಿಡಿಭಾಗದ ಫ್ಯಾಕ್ಟರಿಗಳಲ್ಲೂ ಕೈಜೆನ್ ಥರದ ಮಾತುಗಳು ಬಾಯಿಗೆ ಬಂದವು. ಆದರೆ ಕಥೆ ಕಾರಿಗಿಂತ ಹಿಂದಿನದು, ಮಗ್ಗದ್ದು. ಟೊಯೋಟಾ ಕಾರು ಕಂಪನಿ ಕಟ್ಟಿದವರ ತಂದೆ ಸಕಿಚಿ ಟೊಯೋಡಾ 1924ರಲ್ಲಿ ಪೂರ್ತಿಗೊಳಿಸಿದ ಮಗ್ಗದಲ್ಲಿ ನೂಲು ಕಡಿದರೆ ಯಂತ್ರ ತಾನೇ ನಿಲ್ಲುತ್ತಿತ್ತು. ಕೆಟ್ಟ ಬಟ್ಟೆ ಮಾರುಗಟ್ಟಲೆ ನೇಯುತ್ತಾ ಹೋಗುವ ಮಾತೇ ಇಲ್ಲ. ಒಬ್ಬರೇ ಹತ್ತಾರು ಮಗ್ಗ ನೋಡಿಕೊಳ್ಳಬಹುದಿತ್ತು.

ಮುಂದೆ ಕಾರು ಜೋಡಿಸುವ ಲೈನಿಗೆ ಇದೇ ಯೋಚನೆ ಹಗ್ಗದ ರೂಪದಲ್ಲಿ ಬಂತು. ಬೋಲ್ಟ್ ಸರಿಯಾಗಿ ಕೂರುತ್ತಿಲ್ಲ, ಕೈಗೆ ಪಾರ್ಟ್ ಸಿಗುತ್ತಿಲ್ಲ, ಏನೇ ಆಗಲಿ, ಆ ಜಾಗದಲ್ಲಿ ನಿಂತ ಕೆಲಸಗಾರ ತಲೆ ಮೇಲಿನ ಹಗ್ಗ ಎಳೆಯುತ್ತಾನೆ. ದೊಡ್ಡ ಬೋರ್ಡಿನ ಮೇಲೆ ಅವನ ಸ್ಟೇಷನ್ ನಂಬರ್ ಹೊತ್ತಿಕೊಳ್ಳುತ್ತದೆ, ಟೀಮ್ ಲೀಡರ್ ಓಡಿ ಬರುತ್ತಾನೆ. ಕಾರು ಗೊತ್ತುಮಾಡಿದ ಗೆರೆ ತಲುಪುವುದರೊಳಗೆ ಸರಿಯಾದರೆ ಇನ್ನೊಮ್ಮೆ ಎಳೆಯುತ್ತಾರೆ, ಲೈನ್ ಮುಂದುವರಿಯುತ್ತದೆ. ಆಗದಿದ್ದರೆ ನಿಲ್ಲುತ್ತದೆ. ಇದಕ್ಕೆ ಆಂಡನ್ ಅನ್ನುತ್ತಾರೆ.

ಹಗ್ಗ ಕಟ್ಟುವುದು ಯಾರಿಗೂ ಕಷ್ಟವಲ್ಲ. ಬಂದ ಲೀಡರ್ ಬಾಯಿ ತೆರೆದು ಮೊದಲು ಏನನ್ನುತ್ತಾನೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. "ಏನಾಯ್ತು, ತೋರಿಸು" ಅಂದರೆ ಒಂದು ಫ್ಯಾಕ್ಟರಿ. "ಮತ್ತೆ ನೀನೇನಾ?" ಅಂದರೆ ಇನ್ನೊಂದು ಫ್ಯಾಕ್ಟರಿ, ಅಲ್ಲಿ ಹಗ್ಗಕ್ಕೆ ಧೂಳು ಹಿಡಿಯುತ್ತದೆ.

ಇದು ಜಪಾನಿಗಳಿಗೆ ಮಾತ್ರ ಆಗುವಂಥದ್ದು ಅನ್ನುವವರಿಗೆ ನಾನು ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಹೇಳುತ್ತೇನೆ. ಅಲ್ಲಿದ್ದ ಜನರಲ್ ಮೋಟಾರ್ಸ್ ಪ್ಲಾಂಟ್ ಜಗಳಕ್ಕೆ, ಗೈರುಹಾಜರಿಗೆ, ಕೆಟ್ಟ ಕಾರುಗಳಿಗೆ ಹೆಸರಾಗಿತ್ತು. ಏನೇ ಆದರೂ ಲೈನ್ ನಿಲ್ಲಬಾರದು ಅನ್ನುವುದೇ ಅಲ್ಲಿನ ಕಾನೂನು, ತಪ್ಪು ಜೋಡಿಸಿದ ಕಾರನ್ನು ಆಮೇಲೆ ಅಂಗಳದಲ್ಲಿ ಬಿಚ್ಚಿ ಸರಿಮಾಡುವುದು. 1982ರಲ್ಲಿ ಮುಚ್ಚಿದರು. 1984ರಲ್ಲಿ ಟೊಯೋಟಾ ಜೊತೆ ಸೇರಿ ನುಮ್ಮಿ ಅನ್ನುವ ಹೆಸರಿನಲ್ಲಿ ತೆರೆದಾಗ ಒಳಗೆ ಬಂದವರಲ್ಲಿ ಹೆಚ್ಚಿನವರು ಅದೇ ಹಳೇ ಕೆಲಸಗಾರರು, ಅದೇ ಯೂನಿಯನ್. ಒಂದಷ್ಟು ಜನರನ್ನು ಜಪಾನಿಗೆ ಕಳಿಸಿ ಕಲಿಸಿದರು, ಕೈಗೆ ಹಗ್ಗ ಕೊಟ್ಟರು. ಹೆಚ್ಚು ಕಾಲ ಹಿಡಿಯಲಿಲ್ಲ, ಜಪಾನಿನ ಕಾರಿಗೆ ಸರಿಸಮ ಅನ್ನಿಸುವಂಥ ಕಾರು ಅಲ್ಲಿಂದ ಬಂದವು. ಮುಂಚೆ "ಸೋಮಾರಿಗಳು" ಅನ್ನಿಸಿಕೊಂಡಿದ್ದವರು ಇವರೇ ಅಲ್ವಾ! (2010ರಲ್ಲಿ ನುಮ್ಮಿಯೂ ಮುಚ್ಚಿತು, ಈಗ ಅಲ್ಲಿ ಟೆಸ್ಲಾ ಕಾರು ಮಾಡುತ್ತಾರೆ.)

ಇನ್ನು ಮನೆಗೆ ಬರೋಣ. ಬೆಳಗ್ಗೆ ವಾಕಿಂಗ್ ಶುರು ಮಾಡಿ ನಿಲ್ಲಿಸಿದವರನ್ನು ಕೇಳಿ, "ನನಗೆ ಮನಸ್ಸು ಗಟ್ಟಿ ಇಲ್ಲ" ಅನ್ನುತ್ತಾರೆ. ಇದು ಕಾರಣವಲ್ಲ, ಬೈಗುಳ. ಟೊಯೋಟಾದ ತೈಚಿ ಓನೊ ಕಲಿಸಿದ ಹಾಗೆ ಐದು ಸಲ ಯಾಕೆ ಅಂತ ಕೇಳಿಕೊಂಡು ನೋಡಿ. ವಾಕಿಂಗ್ ಯಾಕೆ ನಿಂತಿತು? ಏಳಲು ಆಗಲಿಲ್ಲ. ಯಾಕೆ? ಮಲಗಿದ್ದು ಹನ್ನೆರಡಕ್ಕೆ. ಯಾಕೆ? ಊಟ ಆಗಿದ್ದೇ ಹತ್ತೂವರೆಗೆ. ಯಾಕೆ? ಎಲ್ಲರೂ ಬರಲಿ ಅಂತ ಕಾಯುತ್ತಿದ್ದೆವು. ಯಾಕೆ? ಸುಮ್ನೆ, ಮೊದಲಿಂದ ಹಾಗೇ. ನೋಡಿ, ಸಿಕ್ಕಿತು. ಎಂಟೂವರೆಗೆ ಮನೆಯಲ್ಲಿದ್ದವರು ಉಣ್ಣುವುದು, ಲೇಟಾಗಿ ಬರುವವರಿಗೆ ಮುಚ್ಚಿಡುವುದು. ಹೊಸ ಶೂ ಕೊಳ್ಳುವುದಕ್ಕಿಂತ ಇದರಿಂದ ವಾಕಿಂಗಿಗೆ ಉಪಯೋಗ ಜಾಸ್ತಿ.

ಆದರೆ ಈ ಐದು ಪ್ರಶ್ನೆಯನ್ನು ಬೇರೆಯವರ ಮೇಲೆ ಪ್ರಯೋಗಿಸುವಾಗ ದನಿ ಮುಖ್ಯ. ಪೊಲೀಸ್ ಸ್ಟೇಷನ್ನಿನ ದನಿಯಲ್ಲಿ ಮಗನನ್ನು ಯಾಕೆ ಯಾಕೆ ಅಂದರೆ ಎರಡನೇ ಪ್ರಶ್ನೆಗೇ ಸುಳ್ಳು ಶುರುವಾಗುತ್ತದೆ. ಹೆಂಡತಿ "ಈ ಟೈಮ್‌ಟೇಬಲ್ ನನಗೆ ಆಗ್ತಿಲ್ಲ" ಅಂದರೆ ಅದೂ ಹಗ್ಗ ಎಳೆದಂತೆಯೇ. "ನೀನು ಯಾವಾಗ್ಲೂ ಹೀಗೇ" ಅಂತ ಉತ್ತರ ಕೊಟ್ಟರೆ ಮುಂದಿನ ಸಲ ಎಳೆಯುವುದಿಲ್ಲ, ಮನೆ ಶಾಂತವಾಗಿದೆ ಅಂತ ನೀವು ಖುಷಿಯಾಗಿರುತ್ತೀರಿ.

ಇನ್ನೊಂದು ವಿಷಯ ಬರವಣಿಗೆ. ಲೈನಿನಲ್ಲಿ ಪ್ರತಿ ಸ್ಟೇಷನ್ನಿಗೂ ಒಂದು ಹಾಳೆ ಇರುತ್ತದೆ, ಕೆಲಸ ಹೇಗೆ ಮಾಡಬೇಕು ಅಂತ. ಉತ್ತಮ ದಾರಿ ಸಿಕ್ಕರೆ, ಪರೀಕ್ಷೆ ಮಾಡಿ, ಹಾಳೆ ಬದಲಾಯಿಸಬೇಕು. ಇಲ್ಲದಿದ್ದರೆ ರಾತ್ರಿ ಶಿಫ್ಟಿನವರು ಬಂದು ಹಳೇ ರೀತಿಯಲ್ಲೇ ಮಾಡುತ್ತಾರೆ, ಪಾಪ ಅವರಿಗೆ ಹೇಗೆ ಗೊತ್ತಾಗಬೇಕು? ಮನೆಯಲ್ಲಿ ಗೋಡೆ ಕ್ಯಾಲೆಂಡರ್ ಸಾಕು. ಊಟ ಎಂಟೂವರೆಗೆ ಅಂತ ಬರೆದು ಅಂಟಿಸಿ. ಎರಡನೇ ವಾರ ನೆಂಟರು ಬಂದು ಎಲ್ಲ ತಪ್ಪಿದರೂ, ಅವರು ಹೋದ ಮೇಲೆ ಎಲ್ಲಿಗೆ ವಾಪಸ್ ಬರಬೇಕು ಅಂತ ಗೊತ್ತಿರುತ್ತದೆ.

ಕೊನೆಗೆ ಟೀಮ್ ಲೀಡ್ ಹುಡುಗರು ತಪ್ಪದೆ ಕೇಳುವುದು: ಪ್ರತಿಯೊಬ್ಬರೂ ತಿಂಗಳಿಗೆ ಇಷ್ಟು ಸಲಹೆ ಕೊಡಲೇಬೇಕು ಅಂತ ಟಾರ್ಗೆಟ್ ಇಡೋಣವಾ? ಬೇಡ. ಟೊಯೋಟಾದಲ್ಲಿ 1951ರಿಂದ ಸಲಹೆ ಪದ್ಧತಿ ಇದೆ, ಅದರ ಮೂಲ ಯೋಚನೆ ಅಮೆರಿಕದ ಫೋರ್ಡ್ ಕಂಪನಿಯಲ್ಲಿ ನೋಡಿ ಬಂದದ್ದು. ಎಷ್ಟೋ ಕಡೆ ಸಲಹೆ ಪೆಟ್ಟಿಗೆ ಮಾತ್ರ ನಕಲು ಮಾಡಿದರು, ಉತ್ತರ ಕೊಡುವುದನ್ನು ಬಿಟ್ಟರು. ಟಾರ್ಗೆಟ್ ಇಟ್ಟರೆ 30ನೇ ತಾರೀಖು ಸಂಜೆ "ಕಸದ ಬುಟ್ಟಿಗೆ ಹಸಿರು ಬಣ್ಣ ಹಚ್ಚಬಹುದು" ಅನ್ನುವಂಥ ಚೀಟಿಗಳು ರಾಶಿ ಬೀಳುತ್ತವೆ. ಅದರ ಬದಲು ಈಗಾಗಲೇ ಬಂದಿರುವ ಒಂದು ದೂರನ್ನು ಎತ್ತಿಕೊಳ್ಳಿ. ಸ್ಪ್ಯಾನರ್ ದೂರದಲ್ಲಿದೆ ಅಂತ ಒಬ್ಬ ಕೆಲಸಗಾರ ಅಂದಿದ್ದಾನಾ? ಇವತ್ತೇ ಹತ್ತಿರಕ್ಕೆ ಒಂದು ಕೊಕ್ಕೆ ಹಾಕಿಸಿ. ಆಗದ ಕೆಲಸವಾದರೆ ಯಾಕೆ ಆಗಲ್ಲ ಅಂತ ನಾಳೆಯೊಳಗೆ ಅವನ ಹತ್ತಿರವೇ ಹೋಗಿ ಹೇಳಿ. ಮುಂದಿನ ದೂರು ತಾನಾಗೇ ಬರುತ್ತದೆ.