ಸ್ಪ್ರಿಂಗ್ ಹಾಸಿಗೆಗೆ ಮಂಚದ ತಳ: ಆರು ವಾರಗಳ ಕೆಲಸ

ಮೊದಲ ವಾರ

ಹಾಸಿಗೆಯ ನಡುವೆ ತಗ್ಗು ಬಿದ್ದಿದೆ ಎಂದು ಎರಡು ತಿಂಗಳಿಂದ ಹಾಸಿಗೆಯನ್ನೇ ದೂರುತ್ತಿದ್ದೆ. ಒಂದು ಬದಿಯಿಂದ ಇನ್ನೊಂದು ಬದಿಗೆ ದಾರವನ್ನು ಬಿಗಿಯಾಗಿ ಎಳೆದು ಅಳೆದಾಗ ನಡುವೆ 3 ಸೆಂಟಿಮೀಟರ್ ಇಳಿದಿತ್ತು. ಹೊಸದನ್ನು ಕೊಳ್ಳುವ ಮೊದಲು ಹಾಸಿಗೆಯನ್ನು ನೆಲಕ್ಕಿಳಿಸಿ ಮೂರು ರಾತ್ರಿ ಮಲಗಿದೆ. ಎರಡನೆಯ ಬೆಳಿಗ್ಗೆಗೇ ಸೊಂಟ ಹಗುರವಾಗಿತ್ತು. ಮತ್ತೆ ದಾರ ಹಿಡಿದೆ. ಮೇಲ್ಮೈ ಹೆಚ್ಚುಕಡಿಮೆ ಸಮವಾಗಿತ್ತು. ದೋಷ ಮಂಚದ್ದು.

ಚೌಕಟ್ಟಿನ ಒಳ ಅಳತೆ ಉದ್ದ 198, ಅಗಲ 150 ಸೆಂಟಿಮೀಟರ್. ಅದರಲ್ಲಿ 7 ಸೆಂಟಿಮೀಟರ್ ಅಗಲ, 12 ಮಿಲಿಮೀಟರ್ ದಪ್ಪದ ಹನ್ನೊಂದೇ ಅಡ್ಡಪಟ್ಟಿಗಳು. ಎರಡು ಪಟ್ಟಿಗಳ ನಡುವಿನ ಸಂದು 12 ಸೆಂಟಿಮೀಟರ್ ದಾಟುತ್ತಿತ್ತು. ಹಾಸಿಗೆಯ ಖಾತರಿ ಪತ್ರವನ್ನು ಹುಡುಕಿ ತೆಗೆದು ಓದಿದೆ: ಸಂದು 7 ಸೆಂಟಿಮೀಟರ್ ಮೀರಬಾರದು ಎಂದಿದೆ. ಅದನ್ನು ಕೊಂಡ ದಿನವೇ ಓದಬೇಕಿತ್ತು.

ನನ್ನದು ಪಾಕೆಟ್ ಸ್ಪ್ರಿಂಗ್ ಹಾಸಿಗೆ. ಪ್ರತಿಯೊಂದು ಸುರುಳಿಯೂ ತನ್ನದೇ ಬಟ್ಟೆಯ ಚೀಲದಲ್ಲಿ ಕೂತು, ಪಕ್ಕದ್ದನ್ನು ಹೆಚ್ಚು ಕದಲಿಸದೆ ಒಂಟಿಯಾಗಿ ಕುಗ್ಗುತ್ತದೆ. ಅದರ ಸುಖ ಇರುವುದೂ ಅಲ್ಲಿಯೇ, ಅದರ ದೌರ್ಬಲ್ಯ ಇರುವುದೂ ಅಲ್ಲಿಯೇ. ಸಂದಿನ ಮೇಲೆ ಬಂದ ಸುರುಳಿಗೆ ಕೆಳಗೆ ಒತ್ತಿ ನಿಲ್ಲಲು ಏನೂ ಸಿಗದೆ ಅದು ಜೋತುಬೀಳುತ್ತದೆ. ಬಾನೆಲ್ ಎಂಬ ಇನ್ನೊಂದು ಬಗೆಯ ಸ್ಪ್ರಿಂಗ್ ಹಾಸಿಗೆಯಲ್ಲಿ ಸುರುಳಿಗಳನ್ನು ತಂತಿಯಿಂದ ಒಂದಕ್ಕೊಂದು ಹೆಣೆದಿರುವುದರಿಂದ ಅವು ಸಂದನ್ನು ಸ್ವಲ್ಪ ಮಟ್ಟಿಗೆ ತಾವೇ ದಾಟಿಕೊಳ್ಳುತ್ತವೆ.

ಎರಡು ಮತ್ತು ಮೂರನೆಯ ವಾರ

ಸುಲಭದ ದಾರಿ ಹಿಡಿದೆ: ಪಟ್ಟಿಗಳ ಮೇಲೆ 18 ಮಿಲಿಮೀಟರ್ ಪ್ಲೈವುಡ್ ಹಲಗೆ. ಸುರುಳಿಗಳು ಜೋತುಬೀಳುವುದು ನಿಂತಿತು. ಆದರೆ ಹತ್ತು ದಿನಗಳ ನಂತರ ಹಾಸಿಗೆ ಎತ್ತಿ ನೋಡಿದರೆ ಕೆಳಗಿನ ಬಟ್ಟೆ ಕೈಗೆ ತಣ್ಣಗೆ, ತೇವವಾಗಿ ತಾಕಿತು. ರಾತ್ರಿಯಿಡೀ ದೇಹ ಬಿಡುವ ಬೆವರು ಮತ್ತು ಆವಿ ಕೆಳಗಿಳಿದು, ಹಲಗೆಗೆ ತಗುಲಿ, ಹೋಗಲು ದಾರಿಯಿಲ್ಲದೆ ಅಲ್ಲಿಯೇ ನಿಂತಿತ್ತು. ಬೂಷ್ಟು ಇನ್ನೂ ಹಿಡಿದಿರಲಿಲ್ಲ. ಹಿಡಿಯುವವರೆಗೆ ಕಾಯುವ ಮನಸ್ಸೂ ಇರಲಿಲ್ಲ. ಹಲಗೆಯ ತಳವೇ ಬೇಕೆನ್ನುವವರು ಅದಕ್ಕೆ ಸಾಲಾಗಿ ದೊಡ್ಡ ರಂಧ್ರಗಳನ್ನು ಕೊರೆದು, ಹಾಸಿಗೆಯನ್ನು ಆಗಾಗ ನಿಲ್ಲಿಸಿ ಗಾಳಿಗೊಡ್ಡಬೇಕು. ನಾನು ಹಲಗೆಯನ್ನು ತೆಗೆದುಬಿಟ್ಟೆ.

ಬಿಲ್ಲಿನಂತೆ ಮೇಲಕ್ಕೆ ಬಾಗಿದ, ತೆಳು ಪದರಗಳನ್ನು ಅಂಟಿಸಿ ಮಾಡಿದ ಪಟ್ಟಿಗಳ ಮಂಚವೂ ಆಸೆ ಹುಟ್ಟಿಸಿತ್ತು. ಸ್ನೇಹಿತರ ಮನೆಯಲ್ಲಿ ಅಂಥದ್ದರ ಮೇಲೆ ಮಲಗಿ ನೋಡಿದೆ. ಫೋಮ್ ಹಾಸಿಗೆಗೆ ಅದು ಚೆನ್ನ. ಸ್ಪ್ರಿಂಗ್ ಮೇಲೆ ಸ್ಪ್ರಿಂಗ್ ಎಂದಾಗ ಮಾತ್ರ, ಮಗ್ಗುಲು ಬದಲಿಸಿದ ಮೇಲೂ ತೂಗಾಟ ಉಳಿದುಕೊಳ್ಳುತ್ತದೆ. ನನ್ನ ಬೆನ್ನು ಅದನ್ನು ಒಪ್ಪಲಿಲ್ಲ.

ನಾಲ್ಕನೆಯ ವಾರ

ನೇರವಾದ, ಗಟ್ಟಿ ಪಟ್ಟಿಗಳನ್ನೇ ಹತ್ತಿರ ಹತ್ತಿರ ಕೂರಿಸುವುದೆಂದು ತೀರ್ಮಾನಿಸಿದೆ. ಅದೇ 7 ಸೆಂಟಿಮೀಟರ್ ಅಗಲದವು ಹದಿನೇಳು ಇಟ್ಟರೆ ಮರ 119 ಸೆಂಟಿಮೀಟರ್ ಆಗುತ್ತದೆ. ಉಳಿದ 79 ಸೆಂಟಿಮೀಟರ್ ಹದಿನಾರು ಸಂದುಗಳಿಗೆ ಹಂಚಿ ಒಂದೊಂದಕ್ಕೆ 5ಕ್ಕಿಂತ ಸ್ವಲ್ಪ ಕಡಿಮೆ ಬರುತ್ತದೆ. ಗಾಳಿಗೂ ದಾರಿ, ಸುರುಳಿಗೂ ಆಸರೆ. ದಪ್ಪವನ್ನು 18 ಮಿಲಿಮೀಟರ್‌ಗೆ ಏರಿಸಿದೆ. ಪಟ್ಟಿಯ ಬಿಗಿತ ದಪ್ಪದ ಘನಕ್ಕೆ ತಕ್ಕಂತೆ ಏರುವುದರಿಂದ, ಅದೇ ಮರವಾದರೆ ಒಂದೂವರೆ ಪಟ್ಟು ದಪ್ಪಕ್ಕೆ ಮೂರು ಪಟ್ಟು ಮೀರಿದ ಬಿಗಿತ ಸಿಗುತ್ತದೆ.

ಆದರೂ ನಿಜವಾದ ಮದ್ದು ನಡುತೊಲೆ. 150 ಸೆಂಟಿಮೀಟರ್ ಪಟ್ಟಿ ಎರಡು ತುದಿಗಳ ಮೇಲಷ್ಟೇ ಕೂತಿದ್ದರೆ ನಡುವೆ ಬಾಗಿಯೇ ಬಾಗುತ್ತದೆ. ನಡುವೆ ಒಂದು ಆಧಾರ ಕೊಟ್ಟರೆ ಹಾರು, ಅಂದರೆ ಎರಡು ಆಧಾರಗಳ ನಡುವಿನ ದೂರ, ಅರ್ಧವಾಗುತ್ತದೆ. ಅರ್ಧ ಹಾರಿನ ಪಟ್ಟಿ ಅದೇ ಭಾರಕ್ಕೆ ಸುಮಾರು ಎಂಟನೇ ಒಂದು ಪಾಲಷ್ಟೇ ಬಾಗುತ್ತದೆ. ಈ ಲೆಕ್ಕ ಕಾಗದದ ಮೇಲೆ ಮೂಡಿದಾಗ ಆದ ಸಂತೋಷ ದೊಡ್ಡದು. ತೊಲೆಯ ಭಾರ ನೆಲಕ್ಕೆ ಇಳಿಯಬೇಕಾದ್ದರಿಂದ ಅದಕ್ಕೆ ಎರಡು ಕಾಲುಗಳನ್ನೂ ಕೊಟ್ಟೆ.

ಐದನೆಯ ವಾರ

ಒಂದು ಕಾಲು 4 ಮಿಲಿಮೀಟರ್ ಉದ್ದವಾಗಿತ್ತು. ಅಷ್ಟಕ್ಕೇ ಹಾಸಿಗೆಯ ನಡುವೆ ದಿಣ್ಣೆ ಎದ್ದು, ರಾತ್ರಿಯೆಲ್ಲ ಅಂಚಿನ ಕಡೆಗೆ ಜಾರುತ್ತಿದ್ದೆವು. ಕಾಲನ್ನು ಕತ್ತರಿಸಿ, ತುದಿಗೆ ತಿರುಗಿಸಿ ಎತ್ತರ ಹೊಂದಿಸುವ ಪಾದ ಜೋಡಿಸಿದೆ. ಮುಂಚೆಯೇ ಹೀಗೆ ಮಾಡಿದ್ದರೆ ಒಂದು ವಾರ ಉಳಿಯುತ್ತಿತ್ತು.

ಆರನೆಯ ವಾರ

ದಾರದ ಅಳತೆ: ನಡುವೆ ತಗ್ಗು 4 ಮಿಲಿಮೀಟರ್. ಹಾಸಿಗೆಯ ತಳ ಒಣಗಿದೆ. ಪಾದದ ಕಡೆ ಒಂದು ಪಟ್ಟಿ ಇನ್ನೂ ಕಿರುಗುಟ್ಟುತ್ತಿದೆ. ಮರಕ್ಕೆ ಮರ ಉಜ್ಜುವ ಕಡೆ ಉಣ್ಣೆಬಟ್ಟೆಯ ತುಂಡು ಅಂಟಿಸಬೇಕು. ಸ್ಕ್ರೂಗಳನ್ನು ಮುಂದಿನ ತಿಂಗಳು ಮತ್ತೊಮ್ಮೆ ಬಿಗಿಮಾಡಿ, ಅದೇ ದಾರ ಹಿಡಿದು ಅಳೆಯುತ್ತೇನೆ.