ಹಲಗೆಯ ಮೇಲಿನ ಐದು ಮಿಲಿಮೀಟರ್

ಲ್ಯಾಬಿನ ವಿಂಡ್ ಟನಲ್ (ಫ್ಯಾನಿನಿಂದ ಗಾಳಿ ಹಾಯಿಸುವ ಸುರಂಗ) ಒಳಗಿದ್ದ ಆ ಅಲ್ಯೂಮಿನಿಯಂ ಹಲಗೆಗೇ ಒಂದು ಸೆಮಿಸ್ಟರ್ ಪೂರ್ತಿ ಹೋಗುತ್ತಿತ್ತು. ನೋಡಿದರೆ ಅದರಲ್ಲಿ ಏನೂ ಇಲ್ಲ. ಉದ್ದ ಒಂದು ಮೀಟರ್, ಮುಂದಿನ ಅಂಚು ಚೂಪು, ಹಿಂದಿನ ಅಂಚಿಗೆ ಕೀಲು ಹಾಕಿದ ಒಂದು ಫ್ಲ್ಯಾಪ್. ಬಿ.ಇ.ಯಲ್ಲಿ ಬೌಂಡರಿ ಲೇಯರ್, ಅಂದರೆ ಹಲಗೆಯ ತಡೆಯಿಂದ ವೇಗ ತಗ್ಗಿ ಅದರ ಮೈಗಂಟಿ ಹರಿಯುವ ಗಾಳಿಯ ತೆಳು ಪದರ, ಬರೀ ಎರಡು ಅಂಕದ ಪ್ರಶ್ನೆ. ವ್ಯಾಖ್ಯೆ ಬರೆದು ಒಂದು ಚಿತ್ರ ಎಳೆದರೆ ಆಯಿತು. ಎಂ.ಟೆಕ್.ನಲ್ಲಿ ಅದೇ ಪದರವನ್ನು ಅಳೆಯಬೇಕು, ಲೆಕ್ಕ ಮಾಡಬೇಕು, ಎರಡೂ ತಾಳೆಯಾಗದಿದ್ದರೆ ಎಲ್ಲಿ ತಪ್ಪಿತು ಎಂದು ಹೇಳಬೇಕು. ಮೇಷ್ಟ್ರದು ಒಂದೇ ನಿಯಮ: ಫ್ಯಾನ್ ಹಾಕುವ ಮೊದಲು, ಬರಬೇಕಾದ ಅಂಕಿಗಳೆಲ್ಲ ನೋಟ್‌ಬುಕ್ಕಿನ ಎಡಪುಟದಲ್ಲಿರಬೇಕು. ಎಡಪುಟ ಖಾಲಿಯಿದ್ದವರಿಗೆ ಸ್ವಿಚ್ ಮುಟ್ಟಲು ಬಿಡುತ್ತಿರಲಿಲ್ಲ.

ಎಡಪುಟದ ಮೊದಲ ಸಾಲು ಗಾಳಿಯ ಸಾಂದ್ರತೆ. ಇಲ್ಲೇ ಅರ್ಧ ತರಗತಿ ಎಡವುತ್ತಿತ್ತು. ಪುಸ್ತಕದ 1.225 ಸಮುದ್ರಮಟ್ಟದ್ದು. ಬೆಂಗಳೂರು ಇರುವುದು ಸುಮಾರು 900 ಮೀಟರ್ ಎತ್ತರದಲ್ಲಿ. ಇಲ್ಲಿಯ ಒತ್ತಡ ಸುಮಾರು 91 ಕಿಲೋಪ್ಯಾಸ್ಕಲ್. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಾಂದ್ರತೆ ಘನ ಮೀಟರಿಗೆ 1.06 ಕಿಲೋಗ್ರಾಂ ಮಾತ್ರ. ಪುಸ್ತಕದ ಅಂಕಿಯನ್ನೇ ಹಾಕಿದರೆ ಪಿಟೋಟ್ ಟ್ಯೂಬಿನಿಂದ (ಗಾಳಿಗೆ ಬಾಯೊಡ್ಡಿ, ಒತ್ತಡದಿಂದ ವೇಗ ತಿಳಿಸುವ ಕೊಳವೆ) ತೆಗೆದ ವೇಗ ಶೇ. 7ರಷ್ಟು ಕಡಿಮೆ ಬರುತ್ತದೆ. ಕೈನೆಮ್ಯಾಟಿಕ್ ಸ್ನಿಗ್ಧತೆಯೂ (ಗಾಳಿಯ ಜಿಗುಟನ್ನು ಸಾಂದ್ರತೆಯಿಂದ ಭಾಗಿಸಿದ್ದು) 1.5 ಅಲ್ಲ, 1.73 (ಹತ್ತರ ಮೈನಸ್ ಐದನೇ ಘಾತದಲ್ಲಿ). ಗೋಡೆಯ ಬ್ಯಾರೋಮೀಟರ್ ಅಲಂಕಾರಕ್ಕೆ ಇಟ್ಟದ್ದಲ್ಲ ಎಂದು ಗೊತ್ತಾಗುತ್ತಿದ್ದುದು ಆಗಲೇ.

ಮುಂದಿನ ಸಾಲುಗಳು ಸಲೀಸು. ವೇಗ ಸೆಕೆಂಡಿಗೆ 10 ಮೀಟರ್, ಅಳೆಯುವ ಜಾಗ ಮುಂದಿನ ಅಂಚಿನಿಂದ ಅರ್ಧ ಮೀಟರ್. ವೇಗ, ದೂರಗಳ ಗುಣಲಬ್ಧವನ್ನು ಆ ಸ್ನಿಗ್ಧತೆಯಿಂದ ಭಾಗಿಸಿದರೆ ಬರುವ ರೆನಾಲ್ಡ್ಸ್ ಸಂಖ್ಯೆ ಸುಮಾರು 2.9 ಲಕ್ಷ, ಅಂದರೆ ಹರಿವು ಇನ್ನೂ ಲ್ಯಾಮಿನಾರ್ (ಪದರ ಪದರವಾಗಿ, ನಯವಾಗಿ) ಆಗಿರಬೇಕು. ಪದರದ ದಪ್ಪ 4.65 ಮಿ.ಮೀ., ಡಿಸ್‌ಪ್ಲೇಸ್‌ಮೆಂಟ್ ದಪ್ಪ (ಪದರದಿಂದಾಗಿ ಹೊರಗಿನ ಹರಿವು ಎಷ್ಟು ದೂರ ಸರಿಯಿತು ಎಂಬ ಅಳತೆ) 1.60, ಮೊಮೆಂಟಮ್ ದಪ್ಪ (ಪದರದಲ್ಲಿ ಕಳೆದುಹೋದ ಸಂವೇಗದ ಅಳತೆ) 0.62. ಕೊನೆಯ ಎರಡರ ಅನುಪಾತವೇ, ಪದರದೊಳಗಿನ ಹರಿವಿನ ರೂಪ ತಿಳಿಸುವ ಶೇಪ್ ಫ್ಯಾಕ್ಟರ್, 2.59. ಇಡೀ ಸೆಮಿಸ್ಟರಿನ ಜಗಳವೆಲ್ಲ ಈ ಐದು ಮಿಲಿಮೀಟರಿನೊಳಗೆ.

ಜಗಳ ಶುರುವಾಗುವುದು ಮ್ಯಾನೋಮೀಟರಿನಿಂದ, ಒತ್ತಡವನ್ನು ದ್ರವದ ಏರಿಕೆಯಲ್ಲಿ ತೋರಿಸುವ ಕೊಳವೆಯಿಂದ. ಸೆಕೆಂಡಿಗೆ 10 ಮೀಟರ್ ವೇಗದ ಡೈನಮಿಕ್ ಒತ್ತಡ (ಗಾಳಿಯ ಚಲನೆಯಿಂದ ಬರುವ ಒತ್ತಡ) 53 ಪ್ಯಾಸ್ಕಲ್, ನೀರಿನಲ್ಲಿ ಐದೂವರೆ ಮಿಲಿಮೀಟರ್. ನೆಟ್ಟಗೆ ನಿಂತ ಯು-ಟ್ಯೂಬಿನಲ್ಲಿ ಇದನ್ನು ಓದಲಾಗದು. ಅದಕ್ಕೇ ಸ್ಪಿರಿಟ್ ತುಂಬಿ, ಹತ್ತಕ್ಕೆ ಒಂದರಂತೆ ಓರೆಯಾಗಿಸಿದ ಕೊಳವೆ: ಆಗ ಅದೇ ಒತ್ತಡಕ್ಕೆ ಸ್ಪಿರಿಟ್ 68 ಮಿ.ಮೀ. ಏರುತ್ತದೆ. ಆದರೆ ಆ ಓರೆ ಬರೀ 5.7 ಡಿಗ್ರಿ. ಅರ್ಧ ಡಿಗ್ರಿ ಹೆಚ್ಚಾದರೂ ಒತ್ತಡದಲ್ಲಿ ಶೇ. 9, ವೇಗದಲ್ಲಿ ಶೇ. 4 ತಪ್ಪು. ಬುಡದ ಸ್ಪಿರಿಟ್ ಲೆವೆಲ್‌ನ ಗುಳ್ಳೆ ನಡುವಿಗೆ ಬರುವವರೆಗೆ ತಿರುಪು ತಿರುಗಿಸಿ, ಆಮೇಲೆ ಸೊನ್ನೆ ನೋಡಬೇಕು. ಪ್ರಯೋಗ ಮುಗಿದ ಮೇಲೆ ಮತ್ತೊಮ್ಮೆ ನೋಡಬೇಕು. ಸ್ಪಿರಿಟ್ ಆವಿಯಾಗುತ್ತದೆ, ತೇವ ಹೀರುತ್ತದೆ. ಅದರ ಸಾಂದ್ರತೆಯನ್ನು ಬಾಟಲಿಯ ಮೇಲಿನ ಚೀಟಿ ನೋಡಿ ಬರೆಯಬಾರದು, ತೂಗಿ ತೆಗೆಯಬೇಕು. ರಬ್ಬರ್ ನಳಿಗೆಯಲ್ಲಿ ಸ್ಪಿರಿಟ್ಟಿನ ಒಂದು ಹನಿ ಸಿಕ್ಕಿಕೊಂಡಿದ್ದರಂತೂ ಅಂದಿನ ಓದುಗಳೆಲ್ಲ ಕಸದ ಬುಟ್ಟಿಗೆ.

ಪದರದೊಳಗೆ ಇಳಿಸುವ ಪಿಟೋಟ್ ಪ್ರೋಬ್ ಅಂದರೆ ಇಂಜೆಕ್ಷನ್ ಸೂಜಿ. ಒಂದು ಮಿ.ಮೀ. ಹೊರವ್ಯಾಸದ ಸೂಜಿಯ ಬಾಯಿಯನ್ನು ಅರ್ಧ ಮಿ.ಮೀ. ಎತ್ತರಕ್ಕೆ ಚಪ್ಪಟೆ ಮಾಡಿ, ಸಣ್ಣ ಎಮೆರಿ ಕಾಗದದಲ್ಲಿ ಚೌಕವಾಗಿ ತೀಡಿದ್ದು. ಬಾಯಿ ಕಿರಿದಾದಷ್ಟೂ ಗೋಡೆಗೆ (ಅಂದರೆ ಹಲಗೆಯ ಮೈಗೆ) ಹತ್ತಿರ ಹೋಗಬಹುದು, ಆದರೆ ಒತ್ತಡ ನೆಲೆ ನಿಲ್ಲಲು ಅಷ್ಟೇ ಹೊತ್ತು ಬೇಕು. ಪ್ರತಿ ಬಿಂದುವಿನಲ್ಲೂ ಕಡಿಮೆಯೆಂದರೆ ಒಂದು ನಿಮಿಷ ಕಾಯಬೇಕು. ಅವಸರ ಮಾಡಿದವರ ಗ್ರಾಫಿನಲ್ಲಿ ಮೇಲೆ ಹೋಗುವಾಗ ಒಂದು ವಕ್ರರೇಖೆ, ಕೆಳಗಿಳಿಯುವಾಗ ಇನ್ನೊಂದು.

ಗೋಡೆಯ ಸೊನ್ನೆ ಎಲ್ಲಿ ಎಂಬುದು ಇಡೀ ಪ್ರಯೋಗದ ಪ್ರಾಣ. ಮೈಕ್ರೋಮೀಟರ್ ತಿರುಗಿಸುತ್ತ ಸೂಜಿ ಇಳಿಸುವಾಗ, ನುಣುಪು ಹಲಗೆಯಲ್ಲಿ ಅದರ ಪ್ರತಿಬಿಂಬ ಮೇಲೆ ಬರುವುದು ಕಾಣುತ್ತದೆ. ಸೂಜಿ, ಪ್ರತಿಬಿಂಬ ಎರಡೂ ಕೂಡಿದ ಕ್ಷಣವೇ ಸ್ಪರ್ಶ. ಬ್ಯಾಟರಿ, ಬಲ್ಬು ಸೇರಿಸಿ ವಿದ್ಯುತ್ ಸಂಪರ್ಕದಿಂದಲೂ ಹಿಡಿಯಬಹುದು. ಇದನ್ನು ಗಾಳಿ ಬೀಸುತ್ತಿರುವಾಗಲೇ ಮಾಡಬೇಕು. ನಿಂತ ಗಾಳಿಯಲ್ಲಿ ಹಿಡಿದ ಸೊನ್ನೆ ಫ್ಯಾನ್ ಹಾಕಿದಾಗ ಸೂಜಿ ಬಾಗಿ ಕೆಡುತ್ತದೆ. ಕೆಟ್ಟರೆ ಏನಾಗುತ್ತದೆ? ಸೊನ್ನೆ 0.1 ಮಿ.ಮೀ. ಮೇಲಾದರೆ ಡಿಸ್‌ಪ್ಲೇಸ್‌ಮೆಂಟ್ ದಪ್ಪದಿಂದ ಅಷ್ಟೂ ಕಳೆದುಹೋಗುತ್ತದೆ, ಮೊಮೆಂಟಮ್ ದಪ್ಪವನ್ನು ಮಾತ್ರ ಹೆಚ್ಚು ಅಲುಗಿಸುವುದಿಲ್ಲ. ಎರಡನೆಯದಕ್ಕೆ ಮುಖ್ಯ ಪಾಲು ಬರುವುದು ವೇಗ ಅರ್ಧವಾಗುವ ಎತ್ತರದ ಆಸುಪಾಸಿನಿಂದ, ಗೋಡೆಯಿಂದ ಸುಮಾರು ಒಂದೂವರೆ ಮಿಲಿಮೀಟರ್ ಮೇಲಿನಿಂದ. ಹಾಗಾಗಿ 2.59 ಬರಬೇಕಾದ ಶೇಪ್ ಫ್ಯಾಕ್ಟರ್ 2.43 ಆಗುತ್ತದೆ, ‘ಟ್ರಾನ್ಸಿಶನ್ ಶುರುವಾಗಿದೆ’ (ನಯವಾದ ಹರಿವು ಟರ್ಬುಲೆಂಟ್, ಅಂದರೆ ಕಲಕಿದ ಹರಿವು, ಆಗತೊಡಗಿದೆ) ಎಂದು ವರದಿಯಲ್ಲಿ ಎರಡು ಪುಟದ ವ್ಯಾಖ್ಯಾನ ಹುಟ್ಟಿಕೊಳ್ಳುತ್ತದೆ. ಶುರುವಾಗಿರುವುದು ಟ್ರಾನ್ಸಿಶನ್ ಅಲ್ಲ, ಸಡಿಲ ತಿರುಪು.

ಗೋಡೆಯ ಪಕ್ಕದ ಬಿಂದುಗಳನ್ನು ಹೇಗೂ ನಂಬುವಂತಿಲ್ಲ. ಅರ್ಧ ಮಿ.ಮೀ. ಎತ್ತರದಲ್ಲಿ ವೇಗ ಸೆಕೆಂಡಿಗೆ 1.8 ಮೀಟರ್, ಒತ್ತಡ 1.7 ಪ್ಯಾಸ್ಕಲ್, ಓರೆ ಕೊಳವೆಯಲ್ಲೂ ಎರಡೇ ಮಿಲಿಮೀಟರ್. ಅಲ್ಲಿ ಬ್ಲಾಸಿಯಸ್ ವಕ್ರರೇಖೆಯ (ಲ್ಯಾಮಿನಾರ್ ಪದರದ ವೇಗಕ್ಕೆ ಲೆಕ್ಕ ಕೊಡುವ ರೇಖೆ) ಮೇಲೆ ಚೊಕ್ಕವಾಗಿ ಕೂತ ಬಿಂದು ಕಂಡರೆ, ಅದು ಅಳೆದದ್ದಲ್ಲ, ಬರೆದದ್ದು.

ಹಿಂದಿನ ಫ್ಲ್ಯಾಪ್ ಯಾತಕ್ಕೆಂದು ಮೊದಲ ವಾರ ಯಾರಿಗೂ ಹೊಳೆಯುತ್ತಿರಲಿಲ್ಲ. ಬರುವ ಗಾಳಿ ಚೂಪು ಅಂಚಿನ ಮೇಲೆ ಸ್ವಲ್ಪ ಓರೆಯಾಗಿ ಬಿದ್ದರೂ ಸಾಕು, ಅಳೆಯುವ ಬದಿಯಲ್ಲಿ ಹರಿವು ಹಲಗೆಯನ್ನು ಬಿಟ್ಟು ಮತ್ತೆ ತಾಗುವ ಒಂದು ಸಣ್ಣ ಸೆಪರೇಶನ್ ಗುಳ್ಳೆ ಎದ್ದು, ಪದರ ಆರಂಭದಲ್ಲೇ ಟರ್ಬುಲೆಂಟ್ ಆಗಿಬಿಡುತ್ತದೆ. ಆಗ ಶೇಪ್ ಫ್ಯಾಕ್ಟರ್ 1.4ರ ಹತ್ತಿರ. ಫ್ಲ್ಯಾಪನ್ನು ಒಂದೊಂದೇ ಡಿಗ್ರಿ ತಿರುಗಿಸುತ್ತ, ಗಾಳಿ ನೇರ ಬಂದು ತಟ್ಟುವ ಬಿಂದುವನ್ನು ಅಳೆಯುವ ಬದಿಗೇ ತಂದರೆ ಗುಳ್ಳೆ ಮಾಯ.

1921ರಲ್ಲಿ ಫಾನ್ ಕಾರ್ಮಾನ್ ಕೊಟ್ಟ, ಪದರದ ದಪ್ಪಗಳಿಂದ ಘರ್ಷಣೆ ತೆಗೆಯುವ ಮೊಮೆಂಟಮ್ ಇಂಟೆಗ್ರಲ್ ಸಮೀಕರಣಕ್ಕೆ ನಿಜವಾದ ಮರ್ಯಾದೆ ಬರುವುದು ಇಂಥ ಲ್ಯಾಬಿನಲ್ಲಿ. ಟನಲ್ ಗೋಡೆಗಳ ಮೇಲೂ ಪದರ ಬೆಳೆಯುತ್ತದೆ, ನಡುವಿನ ದಾರಿ ಕಿರಿದಾಗುತ್ತದೆ, ವೇಗ ಅರ್ಧ ಮೀಟರಿನಲ್ಲಿ ಶೇ. 1ರಷ್ಟು ಏರುತ್ತದೆ ಅನ್ನೋಣ. ಅಷ್ಟೇ ತಾನೆ ಎಂದು ಒತ್ತಡದ ಪದವನ್ನು ಬಿಟ್ಟರೆ ಘರ್ಷಣೆಯಲ್ಲಿ ಶೇ. 9 ಕಳೆದುಹೋಗುತ್ತದೆ. ಯಾವ ಪದ ಬಿಡಬಹುದು, ಯಾವುದನ್ನು ಬಿಡಬಾರದು ಎಂಬುದನ್ನು ಕಲಿಯುವುದೇ ಈ ವಿಷಯದ ‘ಅಡ್ವಾನ್ಸ್ಡ್’ ಭಾಗ. 1904ರಲ್ಲಿ ಹೈಡೆಲ್‌ಬರ್ಗ್‌ನಲ್ಲಿ ಬೌಂಡರಿ ಲೇಯರ್ ಕಲ್ಪನೆಯನ್ನು ಮುಂದಿಟ್ಟಾಗ ಪ್ರಾಂಟಲ್ ಮಾಡಿದ್ದೂ ಅದೇ.

ಲೆಕ್ಕದ ಕಡೆಯ ಗುಂಡಿ ಬೇರೆ. ಬ್ಲಾಸಿಯಸ್ ಸಮೀಕರಣ ಒಂದು ಪುಸ್ತಕದಲ್ಲಿ ಅರ್ಧದ ಗುಣಕದೊಂದಿಗೆ, ಇನ್ನೊಂದರಲ್ಲಿ ಅದಿಲ್ಲದೆ ಇರುತ್ತದೆ. ಗೋಡೆಯ ಇಳಿಜಾರು (ಅಲ್ಲಿ ವೇಗ ಏರುವ ದರ) ಮೊದಲನೆಯದರಲ್ಲಿ 0.332, ಎರಡನೆಯದರಲ್ಲಿ 0.4696. ಒಂದರ ಸಮೀಕರಣ, ಇನ್ನೊಂದರ ಈಟಾ (ಗೋಡೆಯಿಂದಿರುವ ಎತ್ತರದ ಅಳತೆ) ತೆಗೆದುಕೊಂಡರೆ ಉತ್ತರ ರೂಟ್ ಎರಡರಷ್ಟು ಕೆಡುತ್ತದೆ. ಶೂಟಿಂಗ್ ವಿಧಾನ ಎಂದು ಆ ಇಳಿಜಾರನ್ನು ಹತ್ತು ಸಲ ಊಹಿಸುವ ಅಗತ್ಯವೂ ಇಲ್ಲ. ಗೋಡೆಯ ಇಳಿಜಾರು 1 ಎಂದಿಟ್ಟುಕೊಂಡು 0.1ರ ಹೆಜ್ಜೆಯಲ್ಲಿ ಈಟಾ 10ರವರೆಗೆ ರುಂಗೆ–ಕುಟ್ಟ (ಹೆಜ್ಜೆಹೆಜ್ಜೆಯಾಗಿ ಸಮೀಕರಣ ಬಿಡಿಸುವ ವಿಧಾನ) ನಡೆಸಿದರೆ ವೇಗ 2.085ರಲ್ಲಿ ನಿಲ್ಲುತ್ತದೆ; ಅದನ್ನು ಮೈನಸ್ ಒಂದೂವರೆ ಘಾತಕ್ಕೇರಿಸಿದರೆ ಸಿಗುವುದು 0.332. ಒಂದೇ ಓಟ.

ಇಷ್ಟಾದ ಮೇಲೆ ಘರ್ಷಣೆಯ ಅಂಕಿ: ಗೋಡೆಯ ಮೇಲಿನ ಶಿಯರ್ ಒತ್ತಡ (ಗಾಳಿ ಉಜ್ಜಿ ಎಳೆಯುವ ಒತ್ತಡ) 0.066 ಪ್ಯಾಸ್ಕಲ್. ಹಲಗೆಯಿಂದ ಹತ್ತು ಸೆಂ.ಮೀ. ಚೌಕದ ತುಂಡು ಕತ್ತರಿಸಿದರೆ ಗಾಳಿ ಅದನ್ನು ಎಳೆಯುವ ಬಲ 67 ಮಿಲಿಗ್ರಾಂ ತೂಕದಷ್ಟು, ಮೂರು ಅಕ್ಕಿಕಾಳಿನ ಭಾರ. ಇದನ್ನು ಪರೋಕ್ಷ ಲೆಕ್ಕವಿಲ್ಲದೆ, ಹಲಗೆಯಲ್ಲಿ ಬಿಡಿಯಾಗಿ ತೇಲುವ ಚೂರೊಂದನ್ನಿಟ್ಟು ನೇರವಾಗಿ ಅಳೆದದ್ದು ಸತೀಶ್ ಧವನ್ ಅವರು ಕ್ಯಾಲ್‌ಟೆಕ್‌ನಲ್ಲಿ ಮಾಡಿದ ಪಿಎಚ್.ಡಿ. ಕೆಲಸ. ಚೂರಿನ ಅಂಚು ಕೂದಲೆಳೆಯಷ್ಟು ಮೇಲೆದ್ದರೂ ಅಂಚಿಗೆ ತಾಗುವ ಒತ್ತಡವೇ ಘರ್ಷಣೆಯನ್ನು ನುಂಗಿಹಾಕುತ್ತದೆ. ಅವರು ಬೆಂಗಳೂರಿಗೆ ಬಂದ ಮೇಲೆ ಐ.ಐ.ಎಸ್ಸಿ.ಯಲ್ಲಿ ಅವರ ವಿದ್ಯಾರ್ಥಿಯಾಗಿದ್ದ ರೊದ್ದಂ ನರಸಿಂಹ ಅವರು, ಪದರ ಎಷ್ಟು ಹೊತ್ತು ಟರ್ಬುಲೆಂಟ್ ಆಗಿರುತ್ತದೆ ಎಂಬ ಪಾಲು ಹಲಗೆಯುದ್ದಕ್ಕೂ ಹೇಗೆ ಬೆಳೆಯುತ್ತದೆಂದು 1957ರಲ್ಲಿ ಸೂತ್ರ ಕೊಟ್ಟರು.

ಆ ಪಾಲನ್ನು ಕಿವಿಯಿಂದಲೇ ಕೇಳಬಹುದು. ಮ್ಯಾನೋಮೀಟರಿನಿಂದ ನಳಿಗೆ ಬಿಚ್ಚಿ ಡಾಕ್ಟರ ಸ್ಟೆತಸ್ಕೋಪಿಗೆ ಸೇರಿಸಿ, ವೇಗವನ್ನು ಸೆಕೆಂಡಿಗೆ 20 ಮೀಟರಿಗೆ ಏರಿಸಿ, ಸೂಜಿಯನ್ನು ಹಲಗೆಗೆ ತಾಗಿಸಿಟ್ಟು ಮುಂದಿನ ಅಂಚಿನಿಂದ ಹಿಂದಕ್ಕೆ ಸರಿಸುತ್ತ ಹೋಗಬೇಕು. ಮೊದಲು ಬರೀ ಸಣ್ಣ ಹಿಸ್ಸೆನ್ನುವ ಸದ್ದು. ಆಮೇಲೆ ಒಗ್ಗರಣೆಯಲ್ಲಿ ಸಾಸಿವೆ ಸಿಡಿದಂತೆ ಅಲ್ಲೊಂದು ಇಲ್ಲೊಂದು ಚಟ್. ಇನ್ನಷ್ಟು ಸರಿಸಿದರೆ ಸಿಡಿತ ಒತ್ತೊತ್ತಾಗಿ, ಕೊನೆಗೆ ಬಿಡುವಿಲ್ಲದ ಭೋರ್ಗರೆತ. ಸೂಜಿಯನ್ನು ಮುಂದಕ್ಕೆ ತಂದರೆ ಮತ್ತೆ ಸಾಸಿವೆ, ಮತ್ತೆ ಹಿಸ್.